‘ದಿ ಪ್ರಿಸನರ್’ ಸರಣಿಯ ಕೊನೆಯ ಕಂತು ನೋಡುಗರಿಗೆ ಮಾಡಿದ ಮೋಸವೇ?

ದೀಪಸ್ತಂಭ:

ಕೊನೆಯ ಕಂತಿನ ಗುಟ್ಟನ್ನು ಬಿಚ್ಚದೆ ಈ ಸರಣಿಯ ಬಗ್ಗೆ ಹೇಳಬೇಕಾದದ್ದನ್ನು ಹೇಳಲಾಗದು. ಆದ್ದರಿಂದ ಇನ್ನೂ ನೋಡದವರು ಮೊದಲು ನೋಡಿ, ಆಮೇಲೆ ಇದನ್ನು ಓದುವುದು ಒಳ್ಳೆಯದು.

ಬ್ರಿಟನ್ನಿನ ಐಟಿವಿಯಲ್ಲಿ 1967ರ ಸೆಪ್ಟೆಂಬರ್ ಕೊನೆಯಲ್ಲಿ ಶುರುವಾಗಿ 1968ರ ಫೆಬ್ರವರಿ ಆರಂಭದಲ್ಲಿ ಮುಗಿದ ‘ದಿ ಪ್ರಿಸನರ್’ ಒಟ್ಟು 17 ಕಂತುಗಳ ಸರಣಿ. ಒಬ್ಬ ಗುಪ್ತಚರ ಕಾರಣ ಹೇಳದೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಮನೆಗೆ ಬರುತ್ತಾನೆ. ಕೋಣೆಯೊಳಗೆ ಅನಿಲ ತುಂಬಿ ಪ್ರಜ್ಞೆ ತಪ್ಪುತ್ತಾನೆ. ಎಚ್ಚರವಾದಾಗ ‘ದಿ ವಿಲೇಜ್’ ಎಂಬ ಊರಿನಲ್ಲಿರುತ್ತಾನೆ. ಅಲ್ಲಿ ಯಾರಿಗೂ ಹೆಸರಿಲ್ಲ, ಎಲ್ಲರಿಗೂ ನಂಬರ್. ಇವನು ನಂಬರ್ ಸಿಕ್ಸ್. ಊರನ್ನು ನಡೆಸುವವನು ನಂಬರ್ ಟೂ, ಅವನೂ ಹೆಚ್ಚುಕಡಿಮೆ ಪ್ರತಿ ಕಂತಿಗೆ ಬದಲಾಗುತ್ತಾನೆ. ಅವರೆಲ್ಲರೂ ಕೇಳುವುದು ಒಂದೇ: ರಾಜೀನಾಮೆ ಏಕೆ ಕೊಟ್ಟೆ? ಇವನು ತಿರುಗಿ ಕೇಳುವುದೂ ಒಂದೇ: ನಂಬರ್ ಒನ್ ಯಾರು?

ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆಂದು ನಾಲ್ಕು ತಿಂಗಳು ಕಾದ ನೋಡುಗರಿಗೆ ಕೊನೆಯ ಕಂತು ‘ಫಾಲ್ ಔಟ್’ ಕೊಟ್ಟದ್ದು ಮುಖವಾಡ ತೊಟ್ಟ ಸಭೆ, ನೆಲದಡಿಯ ಗುಹೆಯಲ್ಲೊಂದು ರಾಕೆಟ್, ಬೀಟಲ್ಸ್‌ರ ಪ್ರೇಮಗೀತೆಯ ಹಿನ್ನೆಲೆಯಲ್ಲಿ ಮೆಷಿನ್ ಗನ್ ಕಾಳಗ, ಮತ್ತು ನಂಬರ್ ಒನ್‌ನ ಮುಖವಾಡದಡಿ ಒಂದು ಕೋತಿಯ ಮುಖವಾಡ, ಅದರಡಿ ನಂಬರ್ ಸಿಕ್ಸ್‌ನದೇ ಮುಖ. ಅದೂ ಕ್ಷಣಮಾತ್ರ. ಸಿಟ್ಟಾದವರ ಕರೆಗಳಿಂದ ವಾಹಿನಿಗಳ ಫೋನುಗಳು ಬಿಡುವಿಲ್ಲದೆ ಹೊಡೆದುಕೊಂಡವೆಂದೂ, ತಾನು ಕೆಲಕಾಲ ಜನರ ಕಣ್ಣಿಗೆ ಬೀಳದಂತೆ ಇರಬೇಕಾಯಿತೆಂದೂ, ಸರಣಿಯ ಸೃಷ್ಟಿಕರ್ತರೂ ನಾಯಕನಟರೂ ಆದ ಪ್ಯಾಟ್ರಿಕ್ ಮೆಕ್‌ಗೂಹನ್ 1977ರಲ್ಲಿ ಕೆನಡಾದ ವಾರ್ನರ್ ಟ್ರಾಯರ್ ಅವರಿಗೆ ಕೊಟ್ಟ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ಜನ ವಾದ ಮಾಡಬೇಕು, ಸಿಟ್ಟಿನಿಂದ ಮುಷ್ಟಿ ಎತ್ತಬೇಕು ಎಂಬುದೇ ತಮ್ಮ ಬಯಕೆಯಾಗಿತ್ತು ಎಂದೂ ಅದೇ ಸಂದರ್ಶನದಲ್ಲಿ ಹೇಳಿದ್ದಾರೆ.

ಆ ಕಂತನ್ನು ಮೋಸವೆನ್ನುವವರು ಇಂದಿಗೂ ಕಡಿಮೆಯೇನಿಲ್ಲ. ನನ್ನ ಅಭಿಪ್ರಾಯ ಬೇರೆ. ಬಂದಿಯನ್ನು ಕಾಯುವವನು ಬಂದಿಯೊಳಗೇ ಇದ್ದಾನೆ ಎಂಬ ಮಾತನ್ನು ಸರಣಿ ಕೊನೆಯಲ್ಲಿ ಥಟ್ಟನೆ ತಂದು ತುರುಕಲಿಲ್ಲ. ಮೊದಲಿನಿಂದಲೂ ಅದನ್ನೇ ಹೇಳುತ್ತ ಬಂದಿತ್ತು. ನಾವು ನಂಬರ್ ಸಿಕ್ಸ್‌ನ ಪಕ್ಷ ವಹಿಸಿ ಕೂತಿದ್ದರಿಂದ ಅದು ನಮ್ಮ ಕಿವಿಗೆ ಬೀಳಲಿಲ್ಲ.

‘ಚೆಕ್‌ಮೇಟ್’ ಕಂತನ್ನು ನೆನಪಿಸಿಕೊಳ್ಳಿ. ಹುಲ್ಲುಹಾಸಿನ ಮೇಲೆ ಜೀವಂತ ಮನುಷ್ಯರನ್ನೇ ಕಾಯಿಗಳಾಗಿ ನಿಲ್ಲಿಸಿ ಆಡುವ ಚದುರಂಗದಿಂದ ಅದು ಶುರುವಾಗುತ್ತದೆ. ವಿಲೇಜಿನಲ್ಲಿ ಕೈದಿಗಳೂ ಕಾವಲಿನವರೂ ಒಂದೇ ಬಗೆಯ ಬಟ್ಟೆ ತೊಟ್ಟು ಒಂದೇ ಬೀದಿಯಲ್ಲಿ ಓಡಾಡುವುದರಿಂದ ಯಾರು ಯಾರೆಂದು ತಿಳಿಯದು. ನಂಬರ್ ಸಿಕ್ಸ್ ಒಂದು ಉಪಾಯ ಕಂಡುಕೊಳ್ಳುತ್ತಾನೆ: ಗತ್ತಿನಿಂದ ಮಾತಾಡಿಸಿದಾಗ ಅಳುಕಿದವನು ಕೈದಿ, ಎದುರುನಿಂತವನು ಕಾವಲಿನವನು. ಹೀಗೆ ಜೊತೆಗಾರರನ್ನು ಆರಿಸಿ, ತಪ್ಪಿಸಿಕೊಳ್ಳುವ ಯೋಜನೆ ಹೂಡುತ್ತಾನೆ. ಎಲ್ಲವೂ ಕೈಗೂಡುವ ಹೊತ್ತಿಗೆ ಜೊತೆಗಾರರು ಅವನನ್ನು ಬಿಟ್ಟುಬಿಡುತ್ತಾರೆ. ಅವರಿಗೆ ಯಾರೂ ಆಮಿಷ ಒಡ್ಡಿರಲಿಲ್ಲ, ಬೆದರಿಕೆ ಹಾಕಿರಲಿಲ್ಲ. ಅವನು ಕಲಿಸಿದ ಪರೀಕ್ಷೆಯನ್ನೇ ಅವರು ಅವನ ಮೇಲೆ ನಡೆಸಿದ್ದರು. ಅಷ್ಟು ಅಧಿಕಾರದಿಂದ ಆಜ್ಞೆ ಕೊಡುವವನು ಕಾವಲಿನವನೇ ಇರಬೇಕೆಂದು ತೀರ್ಮಾನಿಸಿದ್ದರು. ಆ ತೀರ್ಮಾನ ಸಂಗತಿಯ ಮಟ್ಟಿಗೆ ತಪ್ಪಿರಬಹುದು, ಸ್ವಭಾವದ ಮಟ್ಟಿಗೆ ಸರಿಯಾಗಿಯೇ ಇದೆ.

‘ಹ್ಯಾಮರ್ ಇಂಟು ಆನ್ವಿಲ್’ ಕಂತು ಇನ್ನೂ ಮುಂದಕ್ಕೆ ಹೋಗುತ್ತದೆ. ಪ್ಯಾಟ್ರಿಕ್ ಕಾರ್ಗಿಲ್ ಆಡಿದ ನಂಬರ್ ಟೂ ಕ್ರೂರಿ. ಅವನ ವಿಚಾರಣೆಗೆ ಹೆದರಿ ಒಬ್ಬ ಹೆಂಗಸು ಕಿಟಕಿಯಿಂದ ಹಾರಿ ಸಾಯುತ್ತಾಳೆ. ನಂಬರ್ ಸಿಕ್ಸ್ ಸೇಡು ತೀರಿಸಿಕೊಳ್ಳಲು ನಿಶ್ಚಯಿಸುತ್ತಾನೆ. ಅಂಗಡಿಗೆ ಹೋಗಿ ಫ್ರೆಂಚ್ ಸಂಗೀತಕಾರ ಬಿಜೆಯ ಒಂದೇ ಸಂಗೀತದ ಎಲ್ಲ ರೆಕಾರ್ಡುಗಳನ್ನೂ ತರಿಸಿ, ಒಂದೊಂದನ್ನೂ ಕೈಗಡಿಯಾರ ನೋಡುತ್ತ ಕೇಳಿ, ಏನೋ ಸಂಕೇತ ಸಿಕ್ಕಿತೆಂಬಂತೆ ಮುಖ ಮಾಡಿ ಹೊರಡುತ್ತಾನೆ. ಅಂಗಡಿಯವನು ಸುದ್ದಿ ಮುಟ್ಟಿಸುತ್ತಾನೆ. ನಂಬರ್ ಟೂ ಅಷ್ಟೂ ರೆಕಾರ್ಡುಗಳನ್ನು ತರಿಸಿ ಕೂತು ಕೇಳುತ್ತಾನೆ; ಎಲ್ಲವೂ ಒಂದೇ, ಯಾವುದರಲ್ಲೂ ಏನೂ ಇಲ್ಲ. ಮುಂದೆ ಕಡಲ ದಂಡೆಯ ಕಲ್ಲಿನ ದೋಣಿಯಲ್ಲಿ ನಂಬರ್ ಸಿಕ್ಸ್ ಬಚ್ಚಿಟ್ಟ ಖಾಲಿ ಹಾಳೆಗಳನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾನೆ. ಅವು ಖಾಲಿಯೇ ಎಂದು ವರದಿ ಕೊಟ್ಟವನ ಮೇಲೇ ಸಂಶಯಪಡುತ್ತಾನೆ. ಒಬ್ಬೊಬ್ಬರನ್ನಾಗಿ ತನ್ನವರನ್ನೆಲ್ಲ ದೂರ ತಳ್ಳಿ, ಕೊನೆಗೆ ತಾನೇ ಫೋನ್ ಎತ್ತಿ, ನಂಬರ್ ಟೂನನ್ನು ಬದಲಾಯಿಸಬೇಕೆಂದು ತನ್ನ ವಿರುದ್ಧ ತಾನೇ ದೂರು ಕೊಡುತ್ತಾನೆ.

ನೋಡುವಾಗ ನಮಗೆ ಬಹಳ ತೃಪ್ತಿಯಾಗುತ್ತದೆ. ಆದರೆ ನಂಬರ್ ಸಿಕ್ಸ್ ಅಲ್ಲಿ ಮಾಡಿದ್ದೇನು? ವಿಲೇಜು ಹದಿನಾರು ಬಗೆಯಲ್ಲಿ ಅವನಿಗೆ ಮಾಡಲು ಹೋಗಿ ಸೋತದ್ದನ್ನು ಅವನು ಇನ್ನೊಬ್ಬನಿಗೆ ಒಂದೇ ಸಲಕ್ಕೆ ಮಾಡಿ ಗೆದ್ದ. ಒಬ್ಬ ಮನುಷ್ಯನ ಮನಸ್ಸನ್ನು, ಯಾವ ಮದ್ದೂ ಯಂತ್ರವೂ ಇಲ್ಲದೆ, ಮುರಿದುಹಾಕಿದ. ಅಂಥವನು ನಂಬರ್ ಒನ್ ಆಗಿರಲು ಸಾಧ್ಯವೇ ಎಂದು ಯಾರಾದರೂ ಕೇಳಿದರೆ ಈ ಕಂತನ್ನು ತೋರಿಸಿದರೆ ಸಾಕು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ‘ಫಾಲ್ ಔಟ್’ಗೆ ಬನ್ನಿ. ಸಭೆ ಅವನನ್ನು ಸಿಂಹಾಸನದ ಮೇಲೆ ಕೂರಿಸಿ, ವ್ಯಕ್ತಿಸ್ವಾತಂತ್ರ್ಯದ ಹೋರಾಟದಲ್ಲಿ ನೀನು ಗೆದ್ದೆ ಎಂದು ಕೊಂಡಾಡುತ್ತದೆ. ಭಾಷಣ ಮಾಡೆನ್ನುತ್ತದೆ. ಅವನು ‘ನಾನು’ ಎಂದು ಬಾಯಿ ತೆರೆದ ಕೂಡಲೇ ಮುಖವಾಡದವರೆಲ್ಲರೂ ಅದೇ ಪದವನ್ನು ಒಟ್ಟಾಗಿ ಕೂಗತೊಡಗುತ್ತಾರೆ. ಅವನ ಮುಂದಿನ ಮಾತು ಒಂದೂ ಕೇಳಿಸದು. ಹದಿನಾರು ಕಂತುಗಳ ಕಾಲ ‘ನಾನು ನಂಬರ್ ಅಲ್ಲ, ಸ್ವತಂತ್ರ ಮನುಷ್ಯ’ ಎಂದು ಸಾರುತ್ತ ಬಂದವನಿಗೆ, ಅದನ್ನು ಪೂರ್ತಿಯಾಗಿ ಹೇಳುವ ಅವಕಾಶ ಸಿಕ್ಕ ಗಳಿಗೆಯಲ್ಲಿ, ‘ನಾನು’ ಎಂಬುದರಾಚೆ ಒಂದು ವಾಕ್ಯವನ್ನೂ ಸರಣಿ ಕೊಡುವುದಿಲ್ಲ. ಟೆಲಿವಿಷನ್ನಿನಲ್ಲಿ ತನ್ನ ನಾಯಕನನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ನೋಡಿದ ಇನ್ನೊಂದು ದೃಶ್ಯ ನನಗೆ ತಿಳಿದಿಲ್ಲ.

ಮೆಚ್ಚದವರ ವಾದವನ್ನೂ ಕೇಳಬೇಕೆಂದಿದೆ. ಸುಮ್ಮನೆ ‘ಅರ್ಥವಾಗಲಿಲ್ಲ’ ಎಂದು ಬಿಡಬೇಡಿ. ಎಲ್ಲಿ ಎಡವಿತೆಂದು ಬರೆಯಿರಿ.

ಹಳೇಪೆಟ್ಟಿಗೆ:

ದೀಪಸ್ತಂಭ ಅವರೇ, ನೀವು ಆರಿಸಿದ ಎರಡು ಕಂತುಗಳೂ ಚೆನ್ನಾಗಿವೆ, ಅದರಲ್ಲಿ ತಕರಾರಿಲ್ಲ. ಆದರೆ ಒಳ್ಳೆಯವನ್ನಷ್ಟೇ ಹೆಕ್ಕಿಕೊಂಡು ಇಡೀ ಸರಣಿಗೆ ಒಂದು ತಾತ್ಪರ್ಯ ಕಟ್ಟುವುದು ನ್ಯಾಯವಲ್ಲ.

ನಂಬರ್ ಒನ್ ಯಾರೆಂದು ತಿಳಿಯಬೇಕಾದ ಹೊತ್ತಿನಲ್ಲಿ ಸರಣಿ ಏನು ಮಾಡುತ್ತಿತ್ತು ನೋಡಿ. ಪ್ರಸಾರದ ಕ್ರಮದಲ್ಲಿ 13, 14 ಮತ್ತು 15ನೆಯ ಕಂತುಗಳು ಕತೆಯನ್ನು ಎಲ್ಲಿಗೂ ಒಯ್ಯುವುದಿಲ್ಲ. 13ನೆಯದರಲ್ಲಿ ಮೆಕ್‌ಗೂಹನ್ ಬಹುಪಾಲು ಇಲ್ಲವೇ ಇಲ್ಲ. ಅವರು ‘ಐಸ್ ಸ್ಟೇಷನ್ ಝೀಬ್ರಾ’ ಚಿತ್ರದ ಚಿತ್ರೀಕರಣಕ್ಕೆ ಹೋಗಿದ್ದರಿಂದ, ನಂಬರ್ ಸಿಕ್ಸ್‌ನ ಮನಸ್ಸನ್ನು ಬೇರೊಬ್ಬನ ದೇಹಕ್ಕೆ ವರ್ಗಾಯಿಸಿದರೆಂದು ಕತೆ ಹೆಣೆದು ನೈಜೆಲ್ ಸ್ಟಾಕ್ ಅವರಿಂದ ಪಾತ್ರ ಮಾಡಿಸಿದರು. 14ನೆಯದು ಅಮೆರಿಕದ ಕೌಬಾಯ್ ಕತೆಯ ವೇಷ. 15ನೆಯದು ಮಕ್ಕಳಿಗೆ ಹೇಳುವ ಗುಪ್ತಚರ ಕತೆಯ ಅಣಕ. ಹೀಗೆ ಮೂರು ವಾರ ಕಾಯಿಸಿ, ಆಮೇಲೆ ಎರಡೇ ಕಂತುಗಳಲ್ಲಿ ಎಲ್ಲವನ್ನೂ ಮುಗಿಸಿದರು.

ಇದಕ್ಕೆ ಕಾರಣವೂ ಗುಟ್ಟಿನದಲ್ಲ. ಮೆಕ್‌ಗೂಹನ್‌ಗೆ ಬೇಕಿದ್ದದ್ದು ಏಳು ಕಂತು. ಹಣ ಹೂಡಿದ ಐಟಿಸಿ ಎಂಬ ಬ್ರಿಟಿಷ್ ಟಿವಿ ಸಂಸ್ಥೆಯ ಲ್ಯೂ ಗ್ರೇಡ್ ಅವರಿಗೆ ಅಮೆರಿಕಕ್ಕೆ ಮಾರಲು 26 ಬೇಕಿತ್ತು. ಕೊನೆಗೆ 17ಕ್ಕೆ ನಿಂತಿತು. ಅಂದರೆ ಈ ಸರಣಿ ತನ್ನ ಕರ್ತೃವಿಗೆ ಬೇಕಾದದ್ದಕ್ಕಿಂತ ಉದ್ದ, ಹೂಡಿಕೆದಾರನಿಗೆ ಬೇಕಾದದ್ದಕ್ಕಿಂತ ಗಿಡ್ಡ. ಕೊನೆಯ ಕಂತನ್ನಂತೂ ಬಹಳ ಅವಸರದಲ್ಲಿ ಬರೆದರು. ಅದರಲ್ಲಿ ನ್ಯಾಯಾಧೀಶನಂತೆ ಮಾತಾಡುವ ಅಧ್ಯಕ್ಷನ ಪಾತ್ರ ಮಾಡಿದ ಕೆನೆತ್ ಗ್ರಿಫಿತ್ ತಮ್ಮ ಭಾಷಣವನ್ನು ತಾವೇ ಬರೆದುಕೊಂಡದ್ದಾಗಿ ಹೇಳಿದ್ದಾರೆ. ಮೊದಲಿನಿಂದಲೂ ಯೋಚಿಸಿಟ್ಟ ಮುಕ್ತಾಯ ಹೀಗೆ ತಯಾರಾಗುತ್ತದೆಯೇ?

ಇನ್ನೊಂದು ಮಾತು. ಸರಣಿಯ ಕಥಾ ಸಂಪಾದಕ ಜಾರ್ಜ್ ಮಾರ್ಕ್‌ಸ್ಟೈನ್ ಅವರ ಕಲ್ಪನೆಯಲ್ಲಿ ಇದು ವಾಸ್ತವದ ನೆಲದ ಮೇಲೆ ನಿಂತ ಕತೆಯಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಹೆಚ್ಚು ತಿಳಿದವರನ್ನು ಆದರೆ ಕೆಲಸಕ್ಕೆ ಬಾರದವರನ್ನು ದೂರವಿಡಲು ಸ್ಕಾಟ್ಲೆಂಡಿನ ಇನ್ವರ್‌ಲೇರ್ ಲಾಡ್ಜ್‌ನಂಥ ಜಾಗಗಳಿದ್ದವು. ಅದರಿಂದ ಅವರಿಗೆ ಈ ಯೋಚನೆ ಹೊಳೆದಿತ್ತು. ರಹಸ್ಯ ತಿಳಿದವನು ಕೆಲಸ ಬಿಟ್ಟರೆ ಸರ್ಕಾರ ಅವನನ್ನು ಏನು ಮಾಡುತ್ತದೆ ಎಂಬುದು ಎಷ್ಟು ಗಟ್ಟಿಯಾದ ಪ್ರಶ್ನೆ! ಮಾರ್ಕ್‌ಸ್ಟೈನ್ ಅರ್ಧದಲ್ಲೇ ಹೊರನಡೆದರು. ಅವರೊಂದಿಗೆ ಆ ಪ್ರಶ್ನೆಯೂ ಹೊರನಡೆಯಿತು. ಉಳಿದದ್ದು ಸಾಂಕೇತಿಕತೆ ಮಾತ್ರ. ಸಂಕೇತಗಳಿಗೆ ಯಾರು ಬೇಕಾದರೂ ಏನು ಬೇಕಾದರೂ ಅರ್ಥ ಹಚ್ಚಬಹುದು. ನನ್ನ ಅತೃಪ್ತಿ ಅಲ್ಲಿಯದು.

ದೀಪಸ್ತಂಭ:

ಹಳೇಪೆಟ್ಟಿಗೆ ಅವರೇ, ಇಂಥ ಆಕ್ಷೇಪವನ್ನೇ ಬಯಸಿದ್ದೆ.

13ನೆಯ ಕಂತು ಸೊರಗಿದೆ ಎಂಬುದರಲ್ಲಿ ನಿಮ್ಮೊಂದಿಗಿದ್ದೇನೆ. ಆದರೆ 14ನೆಯ ‘ಲಿವಿಂಗ್ ಇನ್ ಹಾರ್ಮನಿ’ಯನ್ನು ಅದರ ಸಾಲಿಗೆ ಸೇರಿಸಬೇಡಿ. ಶೆರೀಫ್ ಒಬ್ಬ ಬಿಲ್ಲೆ ಕಳಚಿಟ್ಟು ರಾಜೀನಾಮೆ ಕೊಡುತ್ತಾನೆ; ಹಾರ್ಮನಿ ಎಂಬ ಊರಿಗೆ ಬಲವಂತವಾಗಿ ತರಲ್ಪಡುತ್ತಾನೆ; ಮತ್ತೆ ಬಿಲ್ಲೆ ತೊಡುತ್ತಾನೆ, ಆದರೆ ಬಂದೂಕು ಮುಟ್ಟಲೊಲ್ಲ. ಕೊನೆಯಲ್ಲಿ ಬಂದೂಕು ಕೈಗೆತ್ತಿಕೊಳ್ಳುವಂತೆ ಮಾಡುತ್ತಾರೆ. ಎಚ್ಚರವಾದಾಗ ಎಲ್ಲವೂ ಮದ್ದು ಕೊಟ್ಟು ಹುಟ್ಟಿಸಿದ ಭ್ರಮೆ, ಎದುರಿಗಿದ್ದವರು ರಟ್ಟಿನಲ್ಲಿ ಕತ್ತರಿಸಿದ ಆಕೃತಿಗಳು. ಅಷ್ಟಕ್ಕೇ ಮುಗಿದಿದ್ದರೆ ನಿಮ್ಮ ಮಾತನ್ನು ಒಪ್ಪುತ್ತಿದ್ದೆ. ಆದರೆ ಆ ನಾಟಕದಲ್ಲಿ ಪಾತ್ರ ವಹಿಸಿದ ವಿಲೇಜಿನ ಇಬ್ಬರು ಆಮೇಲೂ ಅದರಿಂದ ಹೊರಬರಲಾಗದೆ, ಅದೇ ಖಾಲಿ ಸೆಟ್ಟಿಗೆ ಮರಳಿ, ಅದೇ ಕೊಲೆಯನ್ನು ನಿಜವಾಗಿ ನಡೆಸಿಬಿಡುತ್ತಾರೆ. ಬಂದಿಯನ್ನು ಮುರಿಯಲು ಕಟ್ಟಿದ ಸುಳ್ಳು ಕಟ್ಟಿದವರನ್ನೇ ನುಂಗುತ್ತದೆ. 1968ರಲ್ಲಿ ಅಮೆರಿಕದ ಸಿಬಿಎಸ್ ಈ ಸರಣಿಯನ್ನು ಮೊದಲ ಸಲ ಪ್ರಸಾರ ಮಾಡಿದಾಗ ಕೈಬಿಟ್ಟದ್ದು ಇದೊಂದೇ ಕಂತನ್ನು.

ಅವಸರದ ಬಗ್ಗೆ: ಒಂದು ಕೃತಿ ಅವಸರದಲ್ಲಿ ತಯಾರಾಯಿತೆಂದರೆ ಅದರಲ್ಲಿ ಯೋಚನೆಯಿಲ್ಲವೆಂದು ಆಗದು. ಮುಕ್ತಾಯದ ವಿವರಗಳು ಆಗಲೇ ಹೊಳೆದಿರಬಹುದು, ಆದರೆ ಅದರ ದಿಕ್ಕು ಬಹಳ ಹಿಂದೆಯೇ ನಿಂತಿತ್ತು. ಸಾಕ್ಷಿ ಬೇಕೆಂದರೆ ಅದಕ್ಕೆ ಹಿಂದಿನ ‘ವನ್ಸ್ ಅಪಾನ್ ಎ ಟೈಮ್’ ನೋಡಿ. ಅದು ಪ್ರಸಾರದಲ್ಲಿ 16ನೆಯದಾದರೂ ಚಿತ್ರೀಕರಣವಾದದ್ದು ಆರಂಭದ ಕಂತುಗಳ ಜೊತೆಯಲ್ಲೇ, ಮೆಕ್‌ಗೂಹನ್ ಅವರೇ ಬರೆದು ನಿರ್ದೇಶಿಸಿದರು. ಮುಚ್ಚಿದ ಒಂದೇ ಕೋಣೆ. ಅದರೊಳಗೆ ತೊಟ್ಟಿಲು, ಕರಿಹಲಗೆ, ಜೋಕಾಲಿ. ಮೆಕ್‌ಗೂಹನ್, ಲಿಯೋ ಮೆಕ್ಕರ್ನ್ ಮತ್ತು ಮಾತೇ ಆಡದ ಬಟ್ಲರ್ ಆಗಿ ಏಂಜೆಲೋ ಮಸ್ಕಾಟ್. ನಂಬರ್ ಟೂ ತಂದೆಯಾಗಿ, ಮೇಷ್ಟ್ರಾಗಿ, ಧಣಿಯಾಗಿ, ನ್ಯಾಯಾಧೀಶನಾಗಿ ನಂಬರ್ ಸಿಕ್ಸ್‌ನ ಇಡೀ ಬದುಕನ್ನು ಮತ್ತೆ ಆಡಿಸುತ್ತಾನೆ. ಆಡುತ್ತ ಆಡುತ್ತ ಪಾತ್ರಗಳು ಅದಲುಬದಲಾಗಿ, ಕಂಬಿಯೊಳಗೆ ಬೇಡುವವನು ನಂಬರ್ ಟೂ ಆಗುತ್ತಾನೆ, ಹೊರಗೆ ನಿಂತು ಸಮಯ ಎಣಿಸುವವನು ನಂಬರ್ ಸಿಕ್ಸ್ ಆಗುತ್ತಾನೆ. ಕೈದಿ ಮತ್ತು ಕಾವಲುಗಾರ ಒಬ್ಬರೇ ಎಂಬುದನ್ನು ಅಷ್ಟು ಮೊದಲೇ ಬರೆದಿಟ್ಟವರು, ‘ಫಾಲ್ ಔಟ್’ನಲ್ಲಿ ಅದನ್ನು ಎರಡು ಮುಖವಾಡಗಳಿಗೆ ಇಳಿಸಿದರು, ಅಷ್ಟೇ.

ಮಾರ್ಕ್‌ಸ್ಟೈನ್ ಅವರ ಪ್ರಶ್ನೆ ಗಟ್ಟಿಯಾದದ್ದೇ. ಅವರು ಶೀರ್ಷಿಕೆಯ ದೃಶ್ಯದಲ್ಲೇ ಕುಳಿತಿದ್ದಾರೆ: ನಾಯಕ ಬಂದು ಗುದ್ದಿ ರಾಜೀನಾಮೆ ಒಗೆಯುವ ಮೇಜಿನ ಹಿಂದಿನ ಬೋಳುತಲೆಯ ಅಧಿಕಾರಿ ಅವರೇ. ಆದರೆ ಸರ್ಕಾರ ಇವನನ್ನು ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟ ಕತೆಗಳು ಬೇರೆಯೂ ಇವೆ. ಇವನು ತನಗೆ ತಾನೇ ಏನು ಮಾಡಿಕೊಳ್ಳುತ್ತಾನೆ ಎಂದು ಕೇಳಿದ ಗುಪ್ತಚರ ಸರಣಿ ಇದು, ಇದರ ಹೆಚ್ಚುಗಾರಿಕೆ ಅದೇ.

ಕಡಲಂಚು:

ಇಬ್ಬರ ವಾದವನ್ನೂ ಓದಿದೆ. ನನಗೆ ಈ ಸರಣಿ ಬಹಳ ಪ್ರಿಯವಾದದ್ದು. ಆದರೂ ಮೆಚ್ಚುವವರು ಸಾಮಾನ್ಯವಾಗಿ ದಾಟಿಹೋಗುವ ಒಂದು ವಿಷಯವಿದೆ: ಹೆಣ್ಣು ಪಾತ್ರಗಳು.

ಮೊದಲ ಕಂತಿನಿಂದಲೇ ನೋಡಿ, ನಂಬರ್ ಸಿಕ್ಸ್‌ಗೆ ನೆರವಾಗಲು ಬರುವ ಹೆಂಗಸು ವಿಲೇಜಿನವರ ಕೈಗೊಂಬೆ. ಎರಡನೆಯ ಕಂತಿನ ನಾಡಿಯಾ ಅವನೊಂದಿಗೆ ಸಮುದ್ರ ದಾಟುವಳಂತೆ ನಟಿಸಿ, ಕೊನೆಯಲ್ಲಿ ಅವರಲ್ಲೊಬ್ಬಳೆಂದು ತಿಳಿಯುತ್ತದೆ. ‘ಫ್ರೀ ಫಾರ್ ಆಲ್’ನಲ್ಲಿ ಭಾಷೆಯೇ ಬಾರದಂತೆ ನಗುತ್ತಿದ್ದ ಪರಿಚಾರಿಕೆ, ಅವನು ಚುನಾವಣೆ ಗೆದ್ದ ಮೇಲೆ, ತಾನೇ ಹೊಸ ನಂಬರ್ ಟೂ ಎಂದು ತೋರಿಸಿಕೊಳ್ಳುತ್ತಾಳೆ. ‘ಮೆನಿ ಹ್ಯಾಪಿ ರಿಟರ್ನ್ಸ್’ನಲ್ಲಿ ಲಂಡನ್ನಿನ ಅವನ ಮನೆಯಲ್ಲಿ ಅಕ್ಕರೆಯಿಂದ ಉಪಚರಿಸಿದ ಮಿಸೆಸ್ ಬಟರ್‌ವರ್ತ್ ಕೊನೆಗೆ ಹುಟ್ಟುಹಬ್ಬದ ಕೇಕ್ ಹಿಡಿದು ವಿಲೇಜಿನಲ್ಲೇ ಪ್ರತ್ಯಕ್ಷಳಾಗುತ್ತಾಳೆ. ನಂಬಿದ ಹೆಣ್ಣು ಕೈಕೊಡುತ್ತಾಳೆ ಎಂಬ ಒಂದೇ ತಿರುವು ಮತ್ತೆ ಮತ್ತೆ ಬಂದಾಗ ಅದನ್ನು ತಾತ್ವಿಕತೆ ಎನ್ನಲಾಗದು, ಅಭ್ಯಾಸ ಎನ್ನಬೇಕಾಗುತ್ತದೆ. ಮೆಕ್‌ಗೂಹನ್ ತಮ್ಮ ಹಿಂದಿನ ಸರಣಿ ‘ಡೇಂಜರ್ ಮ್ಯಾನ್’ ಕಾಲದಿಂದಲೂ ಪ್ರಣಯದ ದೃಶ್ಯಗಳನ್ನು ಒಪ್ಪುತ್ತಿರಲಿಲ್ಲ. ಆ ನಿಲುವಿಗೆ ಅವರದೇ ಕಾರಣಗಳಿದ್ದವು. ಆದರೆ ಪ್ರಣಯವನ್ನು ತೆಗೆದ ಜಾಗದಲ್ಲಿ ದ್ರೋಹವನ್ನಷ್ಟೇ ಇಟ್ಟರೆ ಏನು ಲಾಭ?

ಎರಡು ಕಡೆ ಮಾತ್ರ ಇದನ್ನು ಮೀರಿದ್ದಾರೆ. ‘ದಿ ಸ್ಕಿಜಾಯ್ಡ್ ಮ್ಯಾನ್’ನ ಆಲಿಸನ್ ಅವನಿಗೆ ನಿಜವಾದ ಗೆಳತಿ, ದ್ರೋಹ ಬಗೆದ ಮೇಲೆ ಅವನೆದುರು ನಿಂತು ಪಶ್ಚಾತ್ತಾಪ ಹೇಳಿಕೊಳ್ಳುತ್ತಾಳೆ, ಆ ಅರ್ಧ ನಿಮಿಷದಲ್ಲಿ ಸರಣಿಯ ಬೇರೆಲ್ಲೂ ಕಾಣದ ಮೃದುತ್ವವಿದೆ. ಇನ್ನೊಂದು ‘ಚೆಕ್‌ಮೇಟ್’ನ ರಾಣಿ. ಸಮ್ಮೋಹನದಿಂದ ಅವಳಿಗೆ ನಂಬರ್ ಸಿಕ್ಸ್ ಮೇಲೆ ಪ್ರೀತಿ ಹುಟ್ಟಿಸಿ, ಕೊರಳ ಲಾಕೆಟ್ಟಿನಲ್ಲಿ ಪ್ರೇಷಕ ಇಟ್ಟು, ಅವನು ತೊರೆದು ಹೊರಟನೆಂದರೆ ಅವಳ ಮನಸ್ಸಿನ ಕಳವಳವೇ ಸುಳಿವು ಕೊಡುವಂತೆ ಮಾಡುತ್ತಾರೆ. ಅವಳ ಪ್ರೀತಿ ಅವಳದೂ ಅಲ್ಲ, ಅವಳಿಗೆ ಅದು ತಿಳಿದೂ ಇಲ್ಲ. ದೀಪಸ್ತಂಭ ಅವರು ‘ಚೆಕ್‌ಮೇಟ್’ ಬಗ್ಗೆ ಬರೆಯುವಾಗ ಅವಳನ್ನು ಬಿಟ್ಟದ್ದು ಖೇದವಾಯಿತು, ಏಕೆಂದರೆ ಆ ಕಂತಿನಲ್ಲಿ ಅತಿ ಹೆಚ್ಚು ಬಂಧನದಲ್ಲಿರುವವಳು ಅವಳು. ನಂಬರ್ ಸಿಕ್ಸ್ ಅವಳೊಂದಿಗೆ ನಡೆದುಕೊಳ್ಳುವ ಒರಟುತನ ನಿಮ್ಮ ವಾದಕ್ಕೇ ಬಲ ಕೊಡುತ್ತಿತ್ತು.

ನಿಧಾನಗತಿ:

ಅರ್ಥದ ಚರ್ಚೆ ಚೆನ್ನಾಗಿ ನಡೆದಿದೆ. ಕಣ್ಣಿಗೆ ಕಾಣುವುದರ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ.

ವಿಲೇಜು ಸ್ಟುಡಿಯೋದಲ್ಲಿ ಕಟ್ಟಿದ ಊರಲ್ಲ. ಅದು ಉತ್ತರ ವೇಲ್ಸ್‌ನ ಪೋರ್ಟ್‌ಮೇರಿಯನ್. ವಾಸ್ತುಶಿಲ್ಪಿ ಕ್ಲಫ್ ವಿಲಿಯಮ್ಸ್-ಎಲಿಸ್ 1925ರಿಂದ ದಶಕಗಳ ಕಾಲ ಕಟ್ಟುತ್ತ ಬಂದ ಪ್ರವಾಸಿ ತಾಣ. ಇಟಲಿಯ ಗೋಪುರ, ಬಣ್ಣದ ಗೋಡೆ, ಬೇರೆಡೆ ಕೆಡವಿದ ಕಟ್ಟಡಗಳಿಂದ ತಂದು ನಿಲ್ಲಿಸಿದ ಕಂಬಗಳು, ಎದುರಿಗೆ ನದೀಮುಖದ ಮರಳು. 1966ರ ಸೆಪ್ಟೆಂಬರಿನಲ್ಲಿ ಅಲ್ಲಿ ಚಿತ್ರೀಕರಣ ಆರಂಭವಾಯಿತು. ಒಳಾಂಗಣಗಳು ಬೋರಮ್‌ವುಡ್‌ನ ಎಂಜಿಎಂ ಸ್ಟುಡಿಯೋದಲ್ಲಿ ನಡೆದವು. ಜಾಗದ ಹೆಸರನ್ನು ಕೊನೆಯ ಕಂತಿನವರೆಗೆ ಗುಟ್ಟಾಗಿಟ್ಟು, ಅದರ ಆರಂಭದಲ್ಲಷ್ಟೇ ಪರದೆಯ ಮೇಲೆ ತೋರಿಸಿದರು. ಸೆರೆಮನೆಯೆಂದರೆ ಕತ್ತಲು, ಕಲ್ಲು, ಸರಪಳಿ ಎಂದುಕೊಂಡಿದ್ದ ನೋಡುಗರಿಗೆ ಪಟ್ಟೆಪಟ್ಟೆಯ ಛತ್ರಿ, ಬ್ಯಾಂಡು, ಧ್ವನಿವರ್ಧಕದಲ್ಲಿ ಹಸನ್ಮುಖದ ಶುಭೋದಯ ತೋರಿಸಿದ್ದು ನನ್ನ ಮಟ್ಟಿಗೆ ಇದರ ಅತಿ ದೊಡ್ಡ ಕಲ್ಪನೆ. ಅಲ್ಲಿ ಯಾರೂ ಗದರುವುದಿಲ್ಲ. ಸಂತೋಷವಾಗಿರಬೇಕೆಂಬ ಒತ್ತಾಯವೇ ಬೇಡಿ.

ಇಷ್ಟೊಂದು ಬಣ್ಣದ ಸರಣಿಯನ್ನು ಬ್ರಿಟನ್ನಿನವರು ಮೊದಲು ನೋಡಿದ್ದು ಕಪ್ಪುಬಿಳುಪಿನಲ್ಲಿ. ಐಟಿವಿಗೆ ಬಣ್ಣ ಬಂದದ್ದು 1969ರ ನವೆಂಬರಿನಲ್ಲಿ. ಅಂದಿನ ಸಿಟ್ಟನ್ನು ಅಳೆಯುವಾಗ ಇದನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದು ನನಗನ್ನಿಸುತ್ತದೆ. ಬಣ್ಣವಿಲ್ಲದ ವಿಲೇಜು ಮಾಮೂಲಿ ಗುಪ್ತಚರ ಕತೆಯ ತಾಣದಂತೆಯೇ ಕಂಡಿರಬೇಕು. ನಿರೀಕ್ಷೆಯೂ ಅದಕ್ಕೆ ತಕ್ಕಂತೆ ಬೆಳೆದಿರಬೇಕು.

ರೋವರ್ ಬಗ್ಗೆಯೂ ಹೇಳಬೇಕು. ಓಡಿಹೋಗುವವರನ್ನು ಬೆನ್ನಟ್ಟಲು ಮೊದಲು ಚಕ್ರದ ಮೇಲೆ ಓಡುವ ಯಂತ್ರವೊಂದನ್ನು ತಯಾರಿಸಿದ್ದರು. ಅದು ಕೈಕೊಟ್ಟ ಮೇಲೆ ಹವಾಮಾನ ಇಲಾಖೆಯವರು ಹಾರಿಬಿಡುವಂಥ ದೊಡ್ಡ ಬಿಳಿ ಬಲೂನನ್ನು ಬಳಸಿದರು. ಅದಕ್ಕೆ ಕಣ್ಣಿಲ್ಲ, ಮುಖವಿಲ್ಲ, ಆಯುಧವಿಲ್ಲ. ನೀರಿನಾಳದಿಂದ ಗುಳುಗುಳಿಸುತ್ತ ಎದ್ದು ಬಂದು, ಬೊಬ್ಬೆಯಿಡುತ್ತ ಉರುಳಿ, ಮನುಷ್ಯನ ಮುಖದ ಮೇಲೆ ಚರ್ಮದಂತೆ ಬಿಗಿದುಕೊಳ್ಳುತ್ತದೆ. ಒಳಗಿನಿಂದ ಬಾಯ್ದೆರೆದ ಮುಖದ ಅಚ್ಚು ಹೊರಗೆ ಮೂಡುವ ಆ ಚಿತ್ರ ಯಾವ ಯಂತ್ರದಿಂದಲೂ ಸಾಧ್ಯವಿರಲಿಲ್ಲ.

2009ರಲ್ಲಿ ಇದನ್ನು ಆರು ಕಂತುಗಳಲ್ಲಿ ಮತ್ತೆ ತಯಾರಿಸಿದರು. ಜಿಮ್ ಕವೀಜೆಲ್, ಇಯಾನ್ ಮೆಕೆಲನ್ ನಟಿಸಿದರು, ನಮೀಬಿಯಾದಲ್ಲಿ ಚಿತ್ರೀಕರಿಸಿದರು. ಮೆಕೆಲನ್ ಚೆನ್ನಾಗಿ ಮಾಡಿದ್ದಾರೆ. ಆದರೆ ಅದರಲ್ಲಿ ಎಲ್ಲಕ್ಕೂ ವಿವರಣೆಯಿದೆ, ವಿವರಣೆ ಸಿಕ್ಕ ಮೇಲೆ ಮತ್ತೆ ನೋಡಬೇಕೆನಿಸುವುದಿಲ್ಲ.

ಹಳೇಪೆಟ್ಟಿಗೆ:

ನಿಧಾನಗತಿ ಅವರ ಕೊನೆಯ ಮಾತು ನನ್ನ ನಿಲುವಿಗೆ ವಿರುದ್ಧವಾಗಿದ್ದರೂ ಅದನ್ನು ಅಲ್ಲಗಳೆಯುವುದು ಕಷ್ಟ. ‘ಲಿವಿಂಗ್ ಇನ್ ಹಾರ್ಮನಿ’ಯ ಕೊನೆಯ ಭಾಗವನ್ನು ದೀಪಸ್ತಂಭ ಅವರು ವಿವರಿಸಿದ ಮೇಲೆ ಮತ್ತೆ ನೋಡಿದೆ. ನಾಟಕ ಕಟ್ಟಿದವರನ್ನೇ ನಾಟಕ ನುಂಗುವುದು ನಿಜ, ಆ ಕಂತನ್ನು ನನ್ನ ಪಟ್ಟಿಯಿಂದ ತೆಗೆಯುತ್ತೇನೆ. ಉಳಿದೆರಡನ್ನು ತೆಗೆಯಲಾರೆ.

‘ಫಾಲ್ ಔಟ್’ ಬಗ್ಗೆ ನನ್ನ ದೂರು ಇಷ್ಟಕ್ಕೆ ಇಳಿದಿದೆ: ಆ ಮುಖ ತೋರಿಸುವ ಹೊತ್ತು ಸಾಲದು. ಹದಿನೇಳು ಕಂತುಗಳ ಭಾರ ಹೊರಬೇಕಾದ ಚಿತ್ರ ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಆಗಿನ ನೋಡುಗರಿಗೆ ನಿಲ್ಲಿಸಿ, ಹಿಂದಕ್ಕೆ ಸರಿಸಿ ನೋಡುವ ಅನುಕೂಲವಿರಲಿಲ್ಲ. ಅಷ್ಟು ಮುಖ್ಯವಾದುದನ್ನು ಅವರ ಕಣ್ಣಿಗೆ ಬೀಳದ ಹಾಗೆ ತೋರಿಸುವುದು ಅವರ ಮೇಲಿನ ಗೌರವವೋ ಅಗೌರವವೋ?

ದೀಪಸ್ತಂಭ:

ಕಡಲಂಚು ಅವರೇ, ರಾಣಿಯ ಬಗ್ಗೆ ನೀವು ಬರೆದದ್ದು ನಾನು ಬರೆದದ್ದಕ್ಕಿಂತ ಮುಖ್ಯವಾದದ್ದು. ಹೆಣ್ಣು ಪಾತ್ರಗಳ ವಿಷಯದಲ್ಲಿ ಸರಣಿಯನ್ನು ಸಮರ್ಥಿಸಲು ನಾನು ಹೋಗುವುದಿಲ್ಲ. ‘ಡ್ಯಾನ್ಸ್ ಆಫ್ ದ ಡೆಡ್’ನಲ್ಲಿ ಪೀಟರ್ ಪ್ಯಾನ್ ವೇಷದ ನಂಬರ್ ಟೂ ಆಗಿ ಮೇರಿ ಮಾರಿಸ್ ಮಾಡಿದ ಪಾತ್ರ ಮಾತ್ರ, ದ್ರೋಹದ ತಿರುವಿನ ಹಂಗಿಲ್ಲದೆ, ಬುದ್ಧಿಬಲದಿಂದಲೇ ನಿಲ್ಲುತ್ತದೆ ಎಂದಷ್ಟೇ ಸೇರಿಸುತ್ತೇನೆ. ನಂಬರ್ ಸಿಕ್ಸ್ ರೊಚ್ಚಿಗೆದ್ದು ಟೆಲಿಪ್ರಿಂಟರಿನ ತಂತಿಗಳನ್ನು ಕಿತ್ತೆಸೆದಾಗ ಅವಳು ನಗುತ್ತಾಳೆ, ಯಂತ್ರ ತಾನಾಗಿಯೇ ಮತ್ತೆ ಹೊಡೆದುಕೊಳ್ಳಲು ಶುರುಮಾಡುತ್ತದೆ.

ಹಳೇಪೆಟ್ಟಿಗೆ ಅವರೇ, ಆ ಮುಖದ ಹೊತ್ತು ಸಾಲದೆಂಬುದು ನ್ಯಾಯವಾದ ದೂರು. ಆದರೆ ಅದು ತಪ್ಪಿಹೋದವರಿಗೂ ಸರಣಿ ಇನ್ನೊಂದು ದಾರಿ ಇಟ್ಟಿದೆ. ಲಂಡನ್ನಿಗೆ ಮರಳಿದ ಮೇಲೆ ಒಬ್ಬೊಬ್ಬ ನಟನ ಹೆಸರನ್ನೂ ಅವರವರ ಚಿತ್ರದ ಮೇಲೆ ತೋರಿಸುತ್ತಾರೆ: ಅಲೆಕ್ಸಿಸ್ ಕ್ಯಾನರ್, ಲಿಯೋ ಮೆಕ್ಕರ್ನ್, ಏಂಜೆಲೋ ಮಸ್ಕಾಟ್. ಮೆಕ್‌ಗೂಹನ್ ಕಾರಿನಲ್ಲಿ ಹೊರಟಾಗ ಮಾತ್ರ ಅವರ ಹೆಸರಿನ ಬದಲು ‘ಪ್ರಿಸನರ್’ ಎಂದಿರುತ್ತದೆ. ಅವನ ಮನೆಯ ಬಾಗಿಲಿನ ಮೇಲೆ 1 ಎಂಬ ಅಂಕಿ. ಬಟ್ಲರ್ ಮುಂದೆ ಬಂದಾಗ ಆ ಬಾಗಿಲು ವಿಲೇಜಿನ ಬಾಗಿಲುಗಳಂತೆ ತಾನಾಗಿಯೇ ತೆರೆದುಕೊಳ್ಳುತ್ತದೆ. ಇವನ್ನೆಲ್ಲ ಸಾವಧಾನವಾಗಿಯೇ ತೋರಿಸಿದ್ದಾರೆ. ಮುಖ ನೋಡದವನಿಗೂ ಬಾಗಿಲು ಸಿಗುತ್ತದೆ.

ಮೂರನೆಯಸಾಲು:

ಎಲ್ಲರ ಬರಹವನ್ನೂ ಓದಿದ ಮೇಲೆ, ನಾನಿನ್ನೂ ನೋಡಿಲ್ಲವಾದರೂ, ನೋಡಲೇಬೇಕೆನಿಸಿದೆ. ಗುಟ್ಟು ತಿಳಿದದ್ದರಿಂದ ಬೇಸರವಿಲ್ಲ. ಯಾವ ಕ್ರಮದಲ್ಲಿ ನೋಡಬೇಕೆಂಬ ಬಗ್ಗೆ ಅಭಿಮಾನಿಗಳಲ್ಲೇ ಒಮ್ಮತವಿಲ್ಲವೆಂದು ಕೇಳಿದ್ದೇನೆ. ದಯವಿಟ್ಟು ತಿಳಿಸುವಿರಾ?

ನಿಧಾನಗತಿ:

ಮೂರನೆಯಸಾಲು ಅವರೇ, ಒಮ್ಮತವಿಲ್ಲ ಎಂಬುದು ನಿಜ. ಚಿತ್ರೀಕರಣದ ಕ್ರಮ ಬೇರೆ, ಪ್ರಸಾರದ ಕ್ರಮ ಬೇರೆ. ಎರಡೂ ಕತೆಯ ಒಳಗಿನ ಸುಳಿವುಗಳಿಗೆ ಪೂರ್ತಿಯಾಗಿ ಹೊಂದುವುದಿಲ್ಲ. ಉದಾಹರಣೆಗೆ ‘ಡ್ಯಾನ್ಸ್ ಆಫ್ ದ ಡೆಡ್’ ಪ್ರಸಾರವಾದದ್ದು ಎಂಟನೆಯದಾಗಿ, ಆದರೆ ಅದರಲ್ಲಿ ನಂಬರ್ ಸಿಕ್ಸ್ ತಾನು ಇಲ್ಲಿಗೆ ಹೊಸಬನೆನ್ನುತ್ತಾನೆ. ‘ಚೆಕ್‌ಮೇಟ್’ ಒಂಬತ್ತನೆಯದು, ಆದರೆ ಅದನ್ನು ಚಿತ್ರೀಕರಿಸಿದ್ದು ಮೊದಮೊದಲು, ಅವನು ಊರಿನ ರೀತಿನೀತಿಗಳನ್ನು ಆಗಷ್ಟೇ ತಿಳಿಯುತ್ತಿರುವಂತೆ ಕಾಣುತ್ತದೆ.

ನನ್ನ ಸಲಹೆ: ‘ಅರೈವಲ್’ ಮೊದಲು, ಅದರ ಬೆನ್ನಿಗೇ ‘ಡ್ಯಾನ್ಸ್ ಆಫ್ ದ ಡೆಡ್’, ‘ಚೆಕ್‌ಮೇಟ್’ ಮತ್ತು ‘ಫ್ರೀ ಫಾರ್ ಆಲ್’. ಆಮೇಲೆ ಉಳಿದವನ್ನು ಪ್ರಸಾರದ ಕ್ರಮದಲ್ಲೇ ನೋಡುತ್ತ ಹೋಗಿ. ‘ಹ್ಯಾಮರ್ ಇಂಟು ಆನ್ವಿಲ್’ ಎಷ್ಟು ತಡವಾಗಿ ಬಂದರೆ ಅಷ್ಟು ಒಳ್ಳೆಯದು, ಏಕೆಂದರೆ ಅಷ್ಟರಲ್ಲಿ ಸೋತು ಸೋತು ಪಳಗಿದವನ ಕೈಚಳಕ ಅದರಲ್ಲಿದೆ. ‘ಮೆನಿ ಹ್ಯಾಪಿ ರಿಟರ್ನ್ಸ್’ನ ಮೊದಲ ಇಪ್ಪತ್ತು ನಿಮಿಷಗಳಲ್ಲಿ ಬಹುತೇಕ ಮಾತೇ ಇಲ್ಲ, ಅದನ್ನು ಬೇರೆ ಕೆಲಸ ಮಾಡುತ್ತ ನೋಡಬೇಡಿ. ಕೊನೆಯ ಎರಡು ಕಂತುಗಳನ್ನು ಒಂದೇ ಸಂಜೆ ನೋಡಿ. ಅವು ಒಂದೇ ಕತೆಯ ಎರಡು ಭಾಗ. ಮೆಕ್ಕರ್ನ್ ಅವರ ಗಡ್ಡ ಎರಡನೆಯ ಭಾಗದಲ್ಲಿ ಹೇಗೆ ಮಾಯವಾಯಿತೆಂದು ತಲೆ ಕೆಡಿಸಿಕೊಳ್ಳಬೇಡಿ: ಎರಡರ ಚಿತ್ರೀಕರಣದ ನಡುವೆ ಬಹಳ ತಿಂಗಳು ಕಳೆದು ಅವರ ರೂಪ ಬದಲಾಗಿತ್ತು, ಅದಕ್ಕೆಂದೇ ಆ ಕ್ಷೌರದ ದೃಶ್ಯವನ್ನು ಸೇರಿಸಿದರು. ನೋಡಿ ಮುಗಿಸಿದ ಮೇಲೆ ಇಲ್ಲಿಗೆ ಬನ್ನಿ, 13ನೆಯ ಕಂತಿನ ಪರವಾಗಿ ಮಾತಾಡುವವರು ಇನ್ನೂ ಯಾರೂ ಸಿಕ್ಕಿಲ್ಲ.